ಸಾವಿನ ಪ್ರಮಾಣ ಬೇರೆ ಅಂದರೆ ವೈರಸ್ಸೇ ಬೇರೆಯಾ?

ಮುಂಬಯಿಯಲ್ಲಿ ಕೋವಿಡ್ ಸಾವಿನ ಪ್ರಮಾಣ ಒಂದು ಥರ, ಪುಣೆಯಲ್ಲಿ ಇನ್ನೊಂದು ಥರ, ಹಾಗಾದರೆ ವೈರಸ್ಸೇ ಬೇರೆ ಇತ್ತಾ ಅಂತ ಕೇಳಿದ್ದೀರಿ. ತಳಿಯ ಪಾತ್ರ ಇದ್ದೇ ಇದೆ. ಡೆಲ್ಟಾ ಬಂದಾಗ ಆಲ್ಫಾಗಿಂತ ಜಾಸ್ತಿ ಜನ ಆಸ್ಪತ್ರೆ ಸೇರಿದರು. ಆದರೆ 2020ರಲ್ಲಿ ಜಗತ್ತಿಗೆಲ್ಲ ಹಬ್ಬಿದ ಡಿ614ಜಿ ಅನ್ನೋ ವೈರಸ್ಸಿನ ಜೀನಿನ ಸಣ್ಣ ಬದಲಾವಣೆ ಹರಡುವ ವೇಗ ಹೆಚ್ಚಿಸಿತೇ ಹೊರತು, ಕಾಯಿಲೆ ಜೋರು ಮಾಡಿದ್ದು ಕಾಣಲಿಲ್ಲ.

ನನಗೆ ಅನುಮಾನ ಲೆಕ್ಕದ ಮೇಲೆ. ಸಾವಿನ ಪ್ರಮಾಣ ಅಂದರೆ ಭಾಗಾಕಾರ ಅಲ್ವಾ? ಮೇಲೆ ಸತ್ತವರು, ಕೆಳಗೆ ಟೆಸ್ಟಲ್ಲಿ ಸಿಕ್ಕ ಸೋಂಕಿತರು. ಕೆಳಗಿನ ಸಂಖ್ಯೆ ತಪ್ಪಿದರೆ ಉತ್ತರವೂ ತಪ್ಪು. ಚೆಂಬೂರಿನ ನಮ್ಮ ಸೊಸೈಟಿಯ ವಾಚ್‌ಮನ್‌ಗೆ ಆಗ ಎರಡು ದಿನ ಜ್ವರ. ಮಾತ್ರೆ ನುಂಗಿ ಡ್ಯೂಟಿಗೆ ಬಂದ, ಟೆಸ್ಟೇ ಇಲ್ಲ. ಮೂರನೇ ಮಹಡಿಯ ಮಾಮನಿಗೆ ಬರೀ ಕೆಮ್ಮು, ಅವರು ಲೆಕ್ಕಕ್ಕೆ ಸೇರಿದರು! 2020ರ ಜುಲೈಯಲ್ಲಿ ಮುಂಬಯಿಯ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಝೋಪಡಪಟ್ಟಿಯ ಸುಮಾರು ಶೇ. 57 ಜನರಲ್ಲಿ ಪ್ರತಿಕಾಯ, ಅಂದರೆ ಸೋಂಕು ಬಂದು ಹೋದ ಗುರುತು, ಸಿಕ್ಕಿತು, ಬಿಲ್ಡಿಂಗುಗಳಲ್ಲಿ ಶೇ. 16. ಇವರಲ್ಲಿ ಹೆಚ್ಚಿನವರು ಪಾಸಿಟಿವ್ ಪಟ್ಟಿಯಲ್ಲಿ ಇರಲೇ ಇಲ್ಲ.

ಆಮೇಲೆ ವಯಸ್ಸು, ಲಸಿಕೆ. 2022ರಲ್ಲಿ ಹಾಂಗ್‌ಕಾಂಗ್‌ಗೂ ನ್ಯೂಜಿಲೆಂಡ್‌ಗೂ ಬಂದಿದ್ದು ಒಮಿಕ್ರಾನೇ. ಹಾಂಗ್‌ಕಾಂಗ್‌ನಲ್ಲಿ ಸಾವು ವಿಪರೀತ, ಯಾಕೆಂದರೆ 80 ದಾಟಿದವರಲ್ಲಿ ತುಂಬಾ ಜನ ಲಸಿಕೆ ಹಾಕಿಸಿಕೊಂಡಿರಲಿಲ್ಲ.

ನಿಮ್ಮ ಹತ್ತಿರ ಎರಡೂ ಊರಿನ ವಯಸ್ಸುವಾರು ಅಂಕಿ ಇದ್ದರೆ ಇಲ್ಲೇ ಹಾಕಿ, ನೋಡೋಣ.