ಕಾಣದ ಗ್ರಹದ ಗಾತ್ರವನ್ನು ಅಳೆಯುವುದು ಹೇಗೆ?

ಪ್ರಶ್ನೆ: ದೂರದ ನಕ್ಷತ್ರಗಳ ಸುತ್ತ ಗುರುಗ್ರಹಕ್ಕಿಂತ ದೊಡ್ಡ ಗ್ರಹಗಳಿವೆ ಎಂದು ಓದಿದ್ದೇನೆ. ದೂರದರ್ಶಕದಲ್ಲೂ ಕಾಣದ ಗ್ರಹವನ್ನು ಅಳೆದದ್ದು ಹೇಗೆ? ಇದನ್ನು ಬೆಂಗಳೂರಿನಿಂದ ಗಮನಿಸಲು ಸಾಧ್ಯವೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: 27 ಸೆಂಟಿಮೀಟರ್ ಅಗಲದ ಊಟದ ತಟ್ಟೆಯ ಮೇಲೆ ಹತ್ತು ರೂಪಾಯಿಯ ನಾಣ್ಯವೊಂದನ್ನು ಇಡಿ. ನಾಣ್ಯದ ಅಗಲ 27 ಮಿಲಿಮೀಟರ್, ಅಂದರೆ ತಟ್ಟೆಯ ಹತ್ತನೆಯ ಒಂದು ಭಾಗ. ಆದರೆ ಅದು ಮುಚ್ಚುವುದು ತಟ್ಟೆಯ ನೂರನೆಯ ಒಂದು ಭಾಗವನ್ನು ಮಾತ್ರ. ಸೂರ್ಯನಿಗೂ ಗುರುವಿಗೂ ಇರುವ ಅನುಪಾತ ಹೆಚ್ಚುಕಡಿಮೆ ಇಷ್ಟೇ ಆದ್ದರಿಂದ, ಬಹುದೂರದಿಂದ ನೋಡುವವರಿಗೆ ಗುರು ಅಡ್ಡಬಂದಾಗ ಸೂರ್ಯನ ಬೆಳಕು ಶೇಕಡಾ 1ರಷ್ಟು ಕುಂದೀತು. ಭೂಮಿ ಅಡ್ಡಬಂದರೆ ಶೇಕಡಾ 0.01ಕ್ಕೂ ಕಡಿಮೆ. ಗ್ರಹ ತನ್ನ ನಕ್ಷತ್ರಕ್ಕೆ ಅಡ್ಡ ಹಾಯುವಾಗ (ಇದೇ ಸಂಕ್ರಮಣ) ಕುಂದುವ ಬೆಳಕನ್ನು ಅಳೆಯುವ ಈ ಸಂಕ್ರಮಣ ವಿಧಾನಕ್ಕೆ ದೈತ್ಯ ಗ್ರಹಗಳು ಮೊದಲು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಹೀಗೆ ಅಡ್ಡಬರುವಾಗ ಮೊದಲು ಕಣ್ಣಿಗೆ ಬಿದ್ದದ್ದು, 1999ರಲ್ಲಿ, ಪೆಗಾಸಸ್ ನಕ್ಷತ್ರಪುಂಜದ ಎಚ್‌ಡಿ 209458 ಎಂಬ ನಕ್ಷತ್ರದ ಗ್ರಹ. ಮೂರೂವರೆ ದಿನಕ್ಕೊಮ್ಮೆ, ಸುಮಾರು ಮೂರು ಗಂಟೆಗಳ ಕಾಲ, ನಕ್ಷತ್ರದ ಬೆಳಕು ಶೇಕಡಾ 1.5ರಷ್ಟು ಇಳಿಯುತ್ತದೆ. ಇದರ ವರ್ಗಮೂಲ ತೆಗೆದರೆ ಗ್ರಹದ ತ್ರಿಜ್ಯ ನಕ್ಷತ್ರದ ತ್ರಿಜ್ಯದ ಶೇಕಡಾ 12ರಷ್ಟು ಎಂದು ತಿಳಿಯುತ್ತದೆ. ಬೆಳಕಿನ ಇಳಿತ ತಿಳಿಸುವುದು ಈ ಅನುಪಾತವನ್ನಷ್ಟೇ ಎಂಬುದನ್ನು ಮರೆಯಬಾರದು: ನಕ್ಷತ್ರದ ಅಳತೆಯಲ್ಲಿ ಶೇಕಡಾ 5ರ ತಪ್ಪಿದ್ದರೆ, ಗ್ರಹದ ಅಳತೆಯಲ್ಲೂ ಅಷ್ಟೇ ತಪ್ಪು ಉಳಿಯುತ್ತದೆ. ಆ ನಕ್ಷತ್ರ ಸೂರ್ಯನ ಸುಮಾರು 1.2 ಪಟ್ಟು ಅಗಲವಿರುವುದರಿಂದ ಗ್ರಹವು ಗುರುವಿನ ಸುಮಾರು 1.4 ಪಟ್ಟು ಅಗಲವಾಗುತ್ತದೆ. ತೂಕದ ವಿಷಯದಲ್ಲಿ ಸಂಕ್ರಮಣ ಮೌನ. ಗ್ರಹದ ಸೆಳೆತಕ್ಕೆ ನಕ್ಷತ್ರ ತೂಗಾಡುವುದನ್ನು ವರ್ಣಪಟಲದಲ್ಲಿ ಅಳೆದು, ದ್ರವ್ಯರಾಶಿ ಗುರುವಿನ 0.7ರಷ್ಟು ಮಾತ್ರ ಎಂದು ಕಂಡುಕೊಂಡಿದ್ದಾರೆ. ಎರಡನ್ನೂ ಕೂಡಿಸಿ ನೋಡಿದರೆ ಅದರ ಸಾಂದ್ರತೆ ನೀರಿನ ಮೂರನೆಯ ಒಂದು ಭಾಗದಷ್ಟು. ಗುರುವಿಗಿಂತ ದೊಡ್ಡದು ನಿಜ, ಆದರೆ ಉಬ್ಬಿದ ಪೂರಿಯಂಥ ದೊಡ್ಡಸ್ತಿಕೆ!

ಇನ್ನು ಬೆಂಗಳೂರಿನ ಮಾತು. ಕೋರಮಂಗಲದ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಇಲ್ಲೇ ಹೊಸಕೋಟೆಯ ಬಳಿಯಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಆದರೆ ಶೇಕಡಾ 1.5ರ ಇಳಿತಕ್ಕೆ ಅಷ್ಟು ದೊಡ್ಡದು ಬೇಕಿಲ್ಲ; 8 ಅಂಗುಲದ ದೂರದರ್ಶಕ ಮತ್ತು ಒಳ್ಳೆಯ ಡಿಜಿಟಲ್ ಕ್ಯಾಮೆರಾ ಸಾಕು. ನಗರದ ಮಬ್ಬು, ತೆಳುಮೋಡ ಇತ್ಯಾದಿಗಳು ಚಿತ್ರದಲ್ಲಿರುವ ಅಕ್ಕಪಕ್ಕದ ನಕ್ಷತ್ರಗಳನ್ನೂ ಒಟ್ಟಿಗೆ ಮಂಕಾಗಿಸುವುದರಿಂದ, ಅವುಗಳೊಂದಿಗೆ ಹೋಲಿಸಿ ನೋಡಿದಾಗ ಒಂದು ನಕ್ಷತ್ರ ಮಾತ್ರ ಇಳಿದಿದ್ದರೆ ಅದು ಗ್ರಹದ ನೆರಳೆಂದು ಶಂಕಿಸಬಹುದು. ಮಳೆಗಾಲ ಕಳೆದ ಮೇಲೆ, ನವೆಂಬರ್ ಸಂಜೆಗಳಲ್ಲಿ ಪೆಗಾಸಸ್ ನೆತ್ತಿಯ ಬಳಿಯೇ ಇರುತ್ತದೆ. ಸಂಕ್ರಮಣದ ವೇಳೆ ಹಗಲಿಗೆ ಬೀಳದ ದಿನವನ್ನು ಮೊದಲೇ ಲೆಕ್ಕ ಹಾಕಿಕೊಂಡು ತಾರಸಿ ಹತ್ತಿ.