ಬ್ಯಾರಲ್ ಒಳಗಿನ ಕಪ್ಪು ಉಂಗುರ: ಅಂಟಿದ ಸೀಸನಾ, ಉಬ್ಬಿದ ಉಕ್ಕಾ?

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಹತ್ರ ಕಾಫಿ ತೋಟ. ಲೈಸೆನ್ಸ್ ಸಿಕ್ಕಿದ ಮೇಲೆ ಡೀಲರ್ ಕಡೆಯಿಂದ ಸೆಕೆಂಡ್ ಹ್ಯಾಂಡ್ ಪಾಯಿಂಟ್ 32 ರಿವಾಲ್ವರ್ ತಗೊಂಡೆ, ಕಾನ್ಪುರದ್ದು, ಮಡಚಿ ತೆಗೆಯೋ ಟೈಪ್. ಮನೇಲಿ ಕ್ಲೀನ್ ಮಾಡಿ ಬೆಳಕಿಗೆ ಹಿಡಿದು ನೋಡಿದ್ರೆ ಮೂತಿಯಿಂದ ಹೆಚ್ಚುಕಮ್ಮಿ ಒಂದು ಇಂಚು ಒಳಗೆ ಒಂದು ಕಪ್ಪು ಉಂಗುರ ಕಾಣತ್ತೆ, ಎಷ್ಟು ಉಜ್ಜಿದ್ರೂ ಹೋಗಲ್ಲ. ಡೀಲರ್ "ಅದು ಮದ್ದಿನ ಕಪ್ಪು, ಎರಡು ಸಲ ಹೊಡೆದ್ರೆ ಹೋಗತ್ತೆ" ಅಂತಾರೆ. ಇಲ್ಲಿ ಲೇತ್ ಅಂಗಡಿಯವನು ಎಮರಿ ಪೇಪರ್ ಸುತ್ತಿ ಹತ್ತು ನಿಮಿಷದಲ್ಲಿ ಕನ್ನಡಿ ಥರ ಮಾಡ್ಕೊಡ್ತೀನಿ ಅಂತಾನೆ. ಏನು ಮಾಡ್ಲಿ?

ಉತ್ತರ: ಮೊದಲು ಲೇತ್ ಅಂಗಡಿಯಿಂದ ದೂರ ಇರಿ. ಒಂದು, ಆತ ಎಷ್ಟೇ ಒಳ್ಳೇ ಕೆಲಸಗಾರ ಆಗಿದ್ರೂ ಆರ್ಮ್ಸ್ ಆಕ್ಟ್ 1959ರ ಸೆಕ್ಷನ್ 5ರ ಪ್ರಕಾರ ಕೋವಿ ರಿಪೇರಿಗೆ ಅಂತಾನೇ ಬೇರೆ ಲೈಸೆನ್ಸ್ ಬೇಕು, ಅದಿಲ್ಲದವನ ಕೈಗೆ ರಿವಾಲ್ವರ್ ಕೊಟ್ರೆ ಅವನ ಜೊತೆ ನಿಮಗೂ ಕೇಸು. ಎರಡು, ಎಮರಿ ಹಾಕಿದ್ರೆ ಉಂಗುರ ಹೋಗಲ್ಲ, ಅಕ್ಕಪಕ್ಕದ ರೈಫ್ಲಿಂಗ್ (ಗುಂಡನ್ನ ತಿರುಗಿಸೋಕೆ ಬ್ಯಾರಲ್ ಒಳಗೆ ಕೊರೆದಿರೋ ಸುರುಳಿ ಗೆರೆ) ಹೋಗತ್ತೆ. ಇರೋ ಹೊಂಡ ಕಾಣದ ಹಾಗೆ ಸುತ್ತಲಿನ ನೆಲಾನೇ ಕೆರೆದು ತಗ್ಗು ಮಾಡಿದ ಹಾಗೆ.

ನೀವು ಈಗ ಕಂಡುಹಿಡೀಬೇಕಿರೋದು ಇಷ್ಟೇ, ಅಲ್ಲಿ ಏನೋ ಬಂದು ಅಂಟ್ಕೊಂಡಿದ್ಯಾ ಅಥವಾ ಉಕ್ಕೇ ಜಾಗ ಬಿಟ್ಟು ಹೊರಗೆ ಸರಿದಿದ್ಯಾ. ಅಂಟಿದ್ದನ್ನ ತೆಗೀಬಹುದು, ಸರಿದಿದ್ದನ್ನ ವಾಪಸ್ ತರೋಕಾಗಲ್ಲ.

ನಾನು ಆರ್ಮರರ್ (ಕೋವಿ ರಿಪೇರಿ ಮಾಡೋನು) ಕೆಲಸದಲ್ಲಿ ಇದ್ದಾಗಿಂದ ಈ ಕಪ್ಪು ಉಂಗುರ ತುಂಬಾ ನೋಡಿದೀನಿ, ಇದರ ಹಿಂದಿನ ಕಥೆ ಹೆಚ್ಚಾಗಿ ಒಂದೇ. ನಿಮ್ ರಿವಾಲ್ವರಿಗೆ ಹಾಕೋ ಪಾಯಿಂಟ್ 32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್ ತೋಟಾ, ಅಂದ್ರೆ ಕಾರ್ಟ್ರಿಡ್ಜ್, 1896ರ ಕಾಲದ್ದು, 98 ಗ್ರೇನ್ (ಆರು ಗ್ರಾಂ ಚಿಲ್ಲರೆ) ತೂಕದ ಸೀಸದ ಗುಂಡು, ಮದ್ದು ಕಮ್ಮಿ, ವೇಗ ಸೆಕೆಂಡಿಗೆ 700 ಅಡಿ ಆಸುಪಾಸು. ಪಾಪದ ತೋಟಾ. ಹಳೇದಾಗಿ ಥಂಡಿ ಹಿಡಿದ್ರೆ ಮದ್ದು ಪೂರ್ತಿ ಹತ್ತಲ್ಲ, 'ಢಂ' ಅನ್ನೋ ಬದಲು 'ಫುಸ್' ಅನ್ನತ್ತೆ, ಗುಂಡು ಬ್ಯಾರಲ್ ಅರ್ಧಕ್ಕೆ ಬಂದು ನಿಂತ್ಬಿಡತ್ತೆ. ಹೊಡೆಯೋನು ಗುರಿಯ ಪೇಪರ್ ಕಡೆ ನೋಡ್ತಾ "ಮಿಸ್ ಆಯ್ತು" ಅನ್ಕೊಂಡು ಇನ್ನೊಂದು ಒತ್ತತಾನೆ. ಹಿಂದಿನಿಂದ ಬಂದ ಗುಂಡು ನಿಂತಿರೋ ಗುಂಡಿಗೆ ಗುದ್ದತ್ತೆ, ಹಿಂದೆ ಗ್ಯಾಸ್ ಒತ್ತಡ ಏರತ್ತೆ, ಮೆತ್ತಗಿನ ಸೀಸ ಅಡ್ಡಕ್ಕೆ ಹಿಗ್ಗಿ ಬ್ಯಾರಲ್ಲನ್ನ ಸುತ್ತಲೂ ಹೊರಗೆ ತಳ್ಳತ್ತೆ, ಆಮೇಲೆ ಎರಡೂ ಒಟ್ಟಿಗೆ ಆಚೆ ಹೋಗ್ತವೆ. ಎಷ್ಟೋ ಸಲ ಹೊಡೆದವನಿಗೆ ಗೊತ್ತೇ ಆಗಿರಲ್ಲ, ಅದಕ್ಕೇ ಮಾರಿದವನು ಸುಳ್ಳು ಹೇಳಿದಾನೆ ಅಂತ ನಾನು ಹೇಳಲ್ಲ. ಆದ್ರೆ ಡೀಲರ್‌ಗೆ ಬೆಳಕಿಗೆ ಹಿಡಿದು ನೋಡೋಕೆ ಒಂದು ನಿಮಿಷ ಸಾಕಿತ್ತು.

ಈಗ ಮನೇಲಿ ಮಾಡೋ ಪರೀಕ್ಷೆ. ರಿವಾಲ್ವರ್ ಮಡಚಿ ತೆಗೀರಿ, ಸಿಲಿಂಡರಿನ ಆರೂ ಮನೆ (ತೋಟಾ ಕೂರೋ ತೂತು) ಖಾಲಿ ಇದ್ಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ, ತೋಟಾನ ಆ ಕೋಣೆಯಿಂದಲೇ ಆಚೆ ಇಡಿ. ತೆರೆದ ಸ್ಥಿತಿಯಲ್ಲೇ ಸಿಲಿಂಡರ್ ಕೈಯಲ್ಲಿ ತಿರುಗಿಸಿ ಒಂದು ಮನೇನ ಬ್ಯಾರಲ್ಲಿಗೆ ನೇರ ತನ್ನಿ, ಹಿಂದೆ ಒಂದು ಬಿಳೀ ಪೇಪರ್ ಹಿಡಿದು ಪೇಪರಿಗೆ ಟಾರ್ಚ್ ಬಿಡಿ (ನೇರ ಬ್ಯಾರಲ್ ಒಳಗೆ ಬಿಟ್ರೆ ಕಣ್ಣು ಕುಕ್ಕತ್ತೆ, ಏನೂ ಕಾಣಲ್ಲ), ಮೂತಿ ಕಡೆಯಿಂದ ನೋಡಿ. ಸೀಸ ಅಂಟಿದ್ರೆ ಅದು ಬೂದು ಬಣ್ಣದ ಗೆರೆ ಗೆರೆಯಾಗಿ, ಅಂಕುಡೊಂಕಾಗಿ, ರೈಫ್ಲಿಂಗ್ ಅಂಚು ಹಿಡ್ಕೊಂಡು ಉದ್ದಕ್ಕೆ ಇರತ್ತೆ, ಅದೂ ಜಾಸ್ತಿ ಸಿಲಿಂಡರ್ ಕಡೆ ತುದಿಯಲ್ಲಿ. ಉಬ್ಬು ಹಾಗಲ್ಲ. ಅದು ಬಳೆ ಥರ ಸುತ್ತಲೂ ಒಂದೇ ಜಾಗದಲ್ಲಿ ಇರತ್ತೆ, ಕಪ್ಪು ಪಟ್ಟಿ ಪಕ್ಕದಲ್ಲೇ ಒಂದು ಹೊಳಪಿನ ಪಟ್ಟಿ, ರಿವಾಲ್ವರ್ ಸ್ವಲ್ಪ ಓರೆ ಮಾಡಿದ್ರೆ ಕಪ್ಪು ಜರುಗತ್ತೆ. ಯಾಕಂದ್ರೆ ಅದು ಬಣ್ಣ ಅಲ್ಲ, ನೆರಳು. ಹಳ್ಳಕ್ಕೆ ಬಿದ್ದ ನೆರಳು.

ಕಣ್ಣಿಗೆ ನಂಬಿಕೆ ಬರ್ಲಿಲ್ಲ ಅಂದ್ರೆ ಕೈಗೆ ಕೇಳಿ. ಹಳೇ ಪಂಚೆ ಬಟ್ಟೆ ತುಂಡನ್ನ ಕ್ಲೀನಿಂಗ್ ರಾಡ್ ತುದಿಗೆ ಸಿಕ್ಕಿಸಿ, ಒತ್ತಿದ್ರಷ್ಟೇ ಹೋಗೋ ಅಷ್ಟು ಬಿಗಿ ಮಾಡ್ಕೊಂಡು ನಿಧಾನಕ್ಕೆ ತಳ್ಳಿ. ಉಬ್ಬು ಇದ್ರೆ ಆ ಜಾಗದಲ್ಲಿ ರಾಡ್ ಫಕ್ಕನೆ ಸಡಿಲ ಆಗಿ ಮತ್ತೆ ಬಿಗಿ ಆಗತ್ತೆ. ಸೀಸ ಇದ್ರೆ ಉಲ್ಟಾ, ಅಲ್ಲೇ ಕಚ್ಚತ್ತೆ. ಇನ್ನೂ ಖಚಿತ ಬೇಕು ಅಂದ್ರೆ ಮೀನು ಗಾಳಕ್ಕೆ ಕಟ್ಟೋ ಸೀಸದ ಗುಂಡು ತಗೊಂಡು, ಬ್ಯಾರಲ್ಲಿಗಿಂತ ಕೂದಲೆಳೆ ದಪ್ಪ ಇರ್ಬೇಕು, ಬ್ಯಾರಲ್ಲಿಗೆ ಎಣ್ಣೆ ಸವರಿ ಮರದ ಕಡ್ಡಿಯಿಂದ ಮೂತಿ ಕಡೆಯಿಂದ ಒಳಗೆ ಇಳಿಸ್ಬೇಕು. ಆದ್ರೆ ಇದನ್ನ ಆರ್ಮರರ್ ಮುಂದೆ ಮಾಡ್ಸಿ, ಸಿಲಿಂಡರ್ ಬಿಚ್ಚಿ. ಮನೇಲಿ ಮಾಡೋಕೆ ಹೋಗಿ ಮಧ್ಯದಲ್ಲಿ ಸಿಕ್ಕಿಸ್ಕೊಂಡು ಬಂದವರು ಇದಾರೆ.

ಹೊರಗಡೆ ಉಬ್ಬಿದ್ಯಾ ಅನ್ನೋದೂ ನೋಡ್ಬೇಕು. ಈ ರಿವಾಲ್ವರಿನ ಮೇಲ್ಭಾಗದಲ್ಲಿ ರಿಬ್ (ಉದ್ದಕ್ಕೆ ಎದ್ದಿರೋ ಪಟ್ಟಿ) ಇರೋದ್ರಿಂದ ಬರಿಗಣ್ಣಿಗೆ ಮೋಸ ಆಗತ್ತೆ. ಬ್ಯಾರಲ್ ಪಕ್ಕಕ್ಕೆ ಒಂದು ಸ್ಟೀಲ್ ಸ್ಕೇಲ್ ಅಂಚನ್ನ ಉದ್ದಕ್ಕೆ ಒರಗಿಸಿ ಕಿಟಕಿ ಬೆಳಕಿಗೆ ಹಿಡೀರಿ. ಸ್ಕೇಲ್ ಒಂದು ಕಡೆ ಕೂತು ತುದಿಗಳಲ್ಲಿ ಬೆಳಕು ಸೋರಿದ್ರೆ ಆಟ ಮುಗೀತು ಅಂತ ತಿಳ್ಕೊಳ್ಳಿ, ಆಮೇಲೆ ಒಂದು ಈಡೂ ಹೊಡೀಬೇಡಿ.

ಪರೀಕ್ಷೆಯಲ್ಲಿ ಸೀಸ ಅಂತ ಬಂದ್ರೆ ನಿಮ್ ಅದೃಷ್ಟ. ಒಂದು ರಾತ್ರಿ ಎಣ್ಣೆ ಹಾಕಿಟ್ಟು, ಸವೆದ ಬ್ರಾಂಜ್ ಬ್ರಷ್ ಮೇಲೆ ಪಾತ್ರೆ ಉಜ್ಜೋ ತಾಮ್ರದ ನಾರಿನ ನಾಲ್ಕು ಎಳೆ ಸುತ್ತಿ ಉಜ್ಜಿ, ಬೂದು ಚಕ್ಕೆ ಚಕ್ಕೆಯಾಗಿ ಉದುರತ್ತೆ. ಆ ನಾರಿಗೆ ಮೊದಲು ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದ್ರೆ ಅದು ತಾಮ್ರದ ಬಣ್ಣ ಬಳಿದ ಕಬ್ಬಿಣ, ಬ್ಯಾರಲ್ ಕೆರೆದು ಹಾಕತ್ತೆ. ವಿನಿಗರ್ ಜೊತೆ ಪೆರಾಕ್ಸೈಡ್ ಸೇರಿಸಿ ತುಂಬಿಸೋ ಐಡಿಯಾ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಸೀಸ ಕರಗೋದೇನೋ ನಿಜ, ಆದ್ರೆ ಕರಗಿ ಬರೋದು ವಿಷ, ಮೇಲಿಂದ ಉಕ್ಕಿಗೂ ಹೊಡೆತ. ಊಟದ ಟೇಬಲ್ ಮೇಲೆ ಈ ಕೆಲಸ ಬೇಡ, ಮಕ್ಕಳನ್ನ ಹತ್ರ ಬಿಡ್ಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳ್ಕೊಳ್ಳಿ.

ಆದ್ರೆ ನಿಮ್ ವಿವರಣೆ ಓದಿದ್ರೆ, ಮೂತಿ ಹತ್ರ, ಪೂರ್ತಿ ಉಂಗುರ, ಉಜ್ಜಿದ್ರೂ ಹೋಗ್ತಿಲ್ಲ, ಇದು ಉಬ್ಬೇ ಅಂತ ನನ್ನ ಅನುಮಾನ. ಹಾಗಿದ್ರೂ ತಕ್ಷಣ ತಲೆ ಮೇಲೆ ಕೈ ಹೊತ್ಕೋಬೇಡಿ. ಒಳಗೆ ತೆಳ್ಳಗಿನ ಉಂಗುರ ಮಾತ್ರ ಇದ್ದು, ಹೊರಗೆ ಉಬ್ಬಿಲ್ದೆ, ಬಿರುಕಿಲ್ದೆ ಇದ್ರೆ ಎಷ್ಟೋ ಬ್ಯಾರಲ್ ಗುರಿಗೆ ಸರಿಯಾಗೇ ಹೊಡೀತವೆ, ಆ ಹಳ್ಳದಲ್ಲಿ ಸೀಸ ಬೇಗ ಸೇರ್ಕೊಳ್ಳತ್ತೆ ಅನ್ನೋ ತಲೆನೋವು ಬಿಟ್ರೆ. ಆರ್ಮರರ್ ಬಿರುಕು ನೋಡಿ, ಸಿಲಿಂಡರ್ ಮನೆ ಬ್ಯಾರಲ್ಲಿಗೆ ನೇರ ಕೂರತ್ತಾ ನೋಡಿ ಓಕೆ ಅಂದ್ರೆ, ರೇಂಜಲ್ಲಿ ಮರಳಿನ ಚೀಲದ ಮೇಲೆ ಕೈ ಇಟ್ಟು ಹೊಸ ಫ್ಯಾಕ್ಟರಿ ತೋಟಾ ಆರು ಹೊಡೆದು, ತೂತುಗಳು ಎಷ್ಟು ಹತ್ತಿರ ಗುಂಪಾಗಿ ಬಿದ್ದಿವೆ ನೋಡಿ. ಪೇಪರಲ್ಲಿ ತೂತು ದುಂಡಗೆ ಇರ್ಬೇಕು. ಕೀಹೋಲ್ ಥರ ಉದ್ದ ಬಿದ್ರೆ ಗುಂಡು ಪಲ್ಟಿ ಹೊಡೀತಿದೆ ಅಂತ, ಆ ಬ್ಯಾರಲ್ ಬೇಡ.

ಬ್ಯಾರಲ್ ಬದಲಾಯಿಸ್ಬಹುದಲ್ವಾ ಅಂತ ನೀವು ಕೇಳೇ ಕೇಳ್ತೀರ. ಬಾಡಿ ಗಟ್ಟಿ ಇರೋ, ಸಿಲಿಂಡರ್ ಪಕ್ಕಕ್ಕೆ ಬರೋ ರಿವಾಲ್ವರಲ್ಲಿ ಸಾಮಾನ್ಯವಾಗಿ ಬ್ಯಾರಲ್ ಥ್ರೆಡ್ ಮೇಲೆ ಕೂತಿರತ್ತೆ, ತಿರುಗಿಸಿ ತೆಗೆದು ಬೇರೆ ಹಾಕ್ಬಹುದು. ನಿಮ್ಮದು ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಮಾರ್ಕ್ 4 ರಿವಾಲ್ವರ್ ಡಿಸೈನಿಂದ ಬಂದಿದ್ದು, ಇದರಲ್ಲಿ ಬ್ಯಾರಲ್ಲು ಮೇಲಿನ ಪಟ್ಟಿ ಎಲ್ಲಾ ಒಂದೇ ತುಂಡು, ಕೊಕ್ಕೆ ಬೀಳೋ ಜಾಗ, ಕೆಳಗಿನ ಕೀಲು ಎಲ್ಲಾ ಅದರಲ್ಲೇ. ಅಂದ್ರೆ ಮೇಲಿನ ಅರ್ಧ ರಿವಾಲ್ವರ್ರೇ ಬದಲಾಯಿಸಿದ ಹಾಗೆ. ಅದು ತಯಾರಕರ ಮಟ್ಟದ ಕೆಲಸ, ರಿವಾಲ್ವರ್ ನಂಬರ್ ವಿಚಾರವೂ ಬರತ್ತೆ, ಕಾಗದಪತ್ರ ಇಲ್ದೆ ಯಾರೂ ಕೈ ಹಾಕ್ಬಾರ್ದು. ಉಂಗುರ ಮೂತಿ ಹತ್ರಾನೇ ಇದೆಯಲ್ಲ, ಅಷ್ಟು ಕತ್ತರಿಸಿ ಬಿಸಾಕೋಣ ಅನ್ನೋ ಯೋಚನೆ ಬಂದಿದ್ರೆ ಅದನ್ನೂ ಬಿಡಿ, ಲೈಸೆನ್ಸ್ ಇಲ್ದೆ ಬ್ಯಾರಲ್ ಗಿಡ್ಡ ಮಾಡೋದು ಸೆಕ್ಷನ್ 6ರಲ್ಲಿ ಬರತ್ತೆ. ನಾನಾಗಿದ್ರೆ ಸ್ಕೇಲ್ ಪರೀಕ್ಷೆಯಲ್ಲಿ ಫೇಲ್ ಆದ ದಿನವೇ ಡೀಲರ್ ಹತ್ರ ಹೋಗಿ, ಬೈಯ್ದೆ ಬಡಿದಾಡ್ದೆ, ಸ್ಕೇಲ್ ಹಿಡಿದು ತೋರಿಸಿ ವಾಪಸ್ ತಗೊಳ್ಳಿ ಅಂತಿದ್ದೆ.

ಇನ್ನು ಮುಂದೆ ರೇಂಜಲ್ಲಿ ಸದ್ದು ಕಮ್ಮಿ ಬಂತು, ಕೈಗೆ ಒದೆತ ಕಮ್ಮಿ ಅನ್ನಿಸ್ತು ಅಂದ್ರೆ ಅಲ್ಲೇ ನಿಲ್ಲಿಸಿ. ಮೂತಿ ಗುರಿ ಕಡೆಗೇ ಇಟ್ಟು 30 ಸೆಕೆಂಡ್ ಕಾದು, ಆಮೇಲೆ ತೆರೆದು ತೋಟಾ ಎಲ್ಲಾ ತೆಗೆದು ಬ್ಯಾರಲ್ ನೋಡಿ. ನಿಮ್ ಥರದ ರಿವಾಲ್ವರಲ್ಲಿ ಒಂದು ಅನುಕೂಲ, ಗುಂಡು ಅರ್ಧ ಸಿಲಿಂಡರಲ್ಲಿ ಅರ್ಧ ಬ್ಯಾರಲ್ಲಲ್ಲಿ ಸಿಕ್ಕಿದ್ರೂ ಎರಡೂ ಒಟ್ಟಿಗೆ ಮಡಚೋದ್ರಿಂದ ತೆರೆಯೋಕೆ ಬರತ್ತೆ. ಸಿಲಿಂಡರ್ ಪಕ್ಕಕ್ಕೆ ಬರೋ ಟೈಪಲ್ಲಿ ಅದು ಬೀಗ ಹಾಕಿದ ಹಾಗೆ ಕೂತ್ಬಿಡತ್ತೆ.

ಪ್ರಶ್ನೆ: ನಮ್ಮ ಅಪ್ಪಾಜಿಯವರ ಹಳೇ ಇಂಪೋರ್ಟೆಡ್ ರಿವಾಲ್ವರ್ ಈಗ ನನ್ನ ಲೈಸೆನ್ಸಲ್ಲಿದೆ. 2024ರ ಲೋಕಸಭಾ ಎಲೆಕ್ಷನ್ ಟೈಮಲ್ಲಿ ಪೊಲೀಸ್ ಸ್ಟೇಷನ್‌ಗೆ ಡೆಪಾಸಿಟ್ ಮಾಡಿದ್ವಿ, ಮಳೆ ಶುರುವಾದ ಮೇಲೆ ಈಸ್ಕೊಂಡು ನೋಡಿದ್ರೆ ಬ್ಯಾರಲ್ ಒಳಗೆ ತುಕ್ಕಿನ ಚುಕ್ಕಿ. ಚರ್ಮದ ಹೋಲ್‌ಸ್ಟರ್ ಸಮೇತ ಕೊಟ್ಟಿದ್ದೆ. ಹೋಗತ್ತಾ? (ಸಾಗರ)

ಉತ್ತರ: ಆ ಹೋಲ್‌ಸ್ಟರ್ರೇ ಖಳನಾಯಕ. ಚರ್ಮ ಮಲೆನಾಡಿನ ಥಂಡಿ ಹೀರ್ಕೊಂಡು ಉಕ್ಕಿಗೆ ಒತ್ಕೊಂಡು ಇಟ್ಕೊಳ್ಳತ್ತೆ, ಮನೇಲೂ ಅದರೊಳಗೆ ಇಡ್ಬೇಡಿ. ಮೇಲಿನ ಕೆಂಪು ಪುಡಿ ಎಣ್ಣೆ ಮತ್ತು ಬ್ರಾಂಜ್ ಬ್ರಷ್ಷಿಗೆ ಹೋಗತ್ತೆ. ಕೆಳಗೆ ಕಪ್ಪು ಗುಳಿ ಉಳಿದ್ರೆ ಅದು ಉಕ್ಕು ತಿಂದು ಹೋದ ಜಾಗ, ಅದು ಹೋಗಲ್ಲ, ಹೋಗಿಸೋಕೂ ಹೋಗ್ಬೇಡಿ. ಗುಳಿ ಚಿಕ್ಕದಾಗಿದ್ದು ರೈಫ್ಲಿಂಗ್ ಅಂಚು ಚೂಪಾಗಿದ್ರೆ ಗುರಿಗೆ ಅಂಥ ವ್ಯತ್ಯಾಸ ಆಗಲ್ಲ, ಆರ್ಮರರ್‌ಗೆ ಒಂದು ಸಲ ತೋರಿಸಿ. ಅಪ್ಪಾಜಿಯವರ ಕಾಲದ ವಿದೇಶಿ ತೋಟಾ ಇನ್ನೂ ಇದ್ರೆ ಅದನ್ನ ಹೊಡೀಬೇಡಿ, ಡೀಲರ್‌ಗೆ ಒಪ್ಪಿಸಿ. ಹಳೇ ಕೆಲವು ಪ್ರೈಮರಲ್ಲಿ (ತೋಟಾದ ಹಿಂಭಾಗದಲ್ಲಿ ಮದ್ದಿಗೆ ಕಿಡಿ ಕೊಡೋ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು, ಅದು ಉರಿದ ಮೇಲೆ ಉಪ್ಪಿನಂಥ ಪದಾರ್ಥ ಬ್ಯಾರಲ್ಲಲ್ಲಿ ಉಳಿದು ಗಾಳಿಯ ನೀರು ಎಳ್ಕೊಳ್ಳತ್ತೆ. ಅದಕ್ಕೆ ಎಣ್ಣೆ ನಾಟಲ್ಲ, ಬಿಸಿನೀರಿಗೇ ಕರಗೋದು. ನಿಮ್ ಚುಕ್ಕಿಗಳಲ್ಲಿ ಹಳೇವು ಕೆಲವು ಅದರದ್ದೇ ಇರ್ಬಹುದು, ಎಲ್ಲಾ ಸ್ಟೇಷನ್ ತಲೆ ಮೇಲೆ ಹಾಕ್ಬೇಡಿ. ಕೊಬ್ಬರಿ ಎಣ್ಣೆ ಹಾಕೋ ಅಭ್ಯಾಸ ಇದ್ರೆ ಬಿಡಿ, ದಿನ ಕಳೆದ್ರೆ ಅಂಟಂಟು ಆಗತ್ತೆ, ಹೊಲಿಗೆ ಮಷೀನ್ ಎಣ್ಣೆ ಎಷ್ಟೋ ವಾಸಿ.

ಮುಂದಿನ ಸಲ ಡೆಪಾಸಿಟ್ ಮಾಡೋವಾಗ ಬ್ಯಾರಲ್ಲಿಗೂ ಆರು ಮನೆಗೂ ಎಣ್ಣೆ ಬಟ್ಟೆ ಎಳೆದು, ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ. ಡೀಲರ್ ಹತ್ರ ಸೇಫ್ ಕಸ್ಟಡಿಗೆ ಇಡೋಕೆ ಒಪ್ಪಿದ್ರೆ ಅಲ್ಲೇ ಇಡಿ, ಮಧ್ಯೆ ಒಂದು ಸಲ ಎಣ್ಣೆ ಹಾಕಿ ಅಂತ ಕೇಳ್ಬಹುದು. ಎಲ್ಲಿ ಕೊಟ್ರೂ ರಸೀದಿಯಲ್ಲಿ ನಂಬರ್ ಪಕ್ಕ 'ಬ್ಯಾರಲ್ ತುಕ್ಕು ಇಲ್ಲ' ಅಂತ ಮೂರು ಪದ ಬರೆಸ್ಕೊಳ್ಳಿ.