‘ಇವತ್ತು ಆ ಮೀನು ಬೇಡ’

ದಾವಣಗೆರೆಯ ಓದುಗರೊಬ್ಬರ ಪತ್ರ: “ಈ ಬೇಸಿಗೆಯಲ್ಲಿ ಮಗನ ಜತೆ ಇಟಲಿಗೆ ಹೋಗಿದ್ದೆ. ಮೂರು ತಲೆಮಾರಿನಿಂದ ಒಂದೇ ಮನೆತನ ನಡೆಸುತ್ತಿರುವ ಮೀನೂಟದ ಹೋಟೆಲೆಂದು ಕೇಳಿ ಹುಡುಕಿಕೊಂಡು ಹೋದರೆ, ಮಧ್ಯಾಹ್ನ ಮೂರೂವರೆಗೇ ಅಡುಗೆಮನೆ ಮುಚ್ಚಿತ್ತು. ರಾತ್ರಿ ಮತ್ತೆ ಹೋದೆವು. ಚಿಪ್ಪುಮೀನಿನ ಸ್ಪಗೆಟಿಗೆ ಚೀಸ್ ಕೇಳಿದರೆ ಮನೆಯೊಡತಿ ಕೊಡಲೊಪ್ಪಲಿಲ್ಲ. ಕೇಳದೆ ತಂದಿಟ್ಟ ಬ್ರೆಡ್ಡಿಗೆ ತಲೆಗೆ ಮೂರು ಯೂರೊ. ಅತಿಥಿಯೇ ದೇವರು ಎನ್ನುವ ನಾಡಿನವನಿಗೆ ಇದು ಯಾವ ಸೀಮೆಯ ಆತಿಥ್ಯ ಎನಿಸಿತು. ಇಂಥವರನ್ನು ನಿಮ್ಮ ಪತ್ರಿಕೆ ಹೊಗಳುವುದೇಕೆ?”

ಸಂಪಾದಕರ ಉತ್ತರ:

ಮಾನ್ಯರೇ, ದುಡ್ಡಿನ ಮಾತನ್ನು ಮೊದಲು ಮುಗಿಸೋಣ. ಆ ಮೂರು ಯೂರೊಗೆ ಅಲ್ಲಿ ‘ಕೊಪೆರ್ತೊ’ ಎನ್ನುತ್ತಾರೆ. ಮೇಜಿನ ಬಟ್ಟೆ, ತಟ್ಟೆ ಲೋಟ, ಬ್ರೆಡ್ಡು ಎಲ್ಲದರ ಲೆಕ್ಕ ಅದರಲ್ಲಿ ಬರುತ್ತದೆ. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರಲ್ಲೇ ಅದನ್ನು ಕಾನೂನಿನಿಂದ ನಿಷೇಧಿಸಿತು. ಪ್ರವಾಸಿಗರನ್ನು ಸುಲಿಯುವವರು ಅಲ್ಲಿಯೂ ಇದ್ದಾರೆ. ನಿಮ್ಮ ದೂರಿನಲ್ಲಿ ಅಷ್ಟು ನ್ಯಾಯವಿದೆ. ಉಳಿದದ್ದರಲ್ಲಿ ನಾನು ಆ ಮನೆಯೊಡತಿಯ ಕಡೆ.

ವೆನಿಸ್‌ನ ದಕ್ಷಿಣಕ್ಕೆ ಕಿಯೋಜ್ಜ ಎಂಬ ಮೀನುಗಾರರ ಪಟ್ಟಣವಿದೆ. ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಕೊಳ್ಳುವವನು ತನ್ನ ಬೆಲೆಯನ್ನು ಹರಾಜುಗಾರನ ಕಿವಿಯಲ್ಲಿ ಪಿಸುಗುಟ್ಟುತ್ತಾನೆ, ಪಕ್ಕದವನಿಗೂ ತಿಳಿಯುವುದಿಲ್ಲ. ಹನ್ನೆರಡು ವರ್ಷಗಳ ಹಿಂದೆ ಆ ಊರಿನ ಕಾಲುವೆಯ ಬದಿಯಲ್ಲಿ, ಎಂಟೊಂಬತ್ತು ಮೇಜುಗಳ ಒಂದು ಊಟದ ಮನೆಯಲ್ಲಿ ನಾನು ಊಟಕ್ಕೆ ಕುಳಿತಿದ್ದೆ. ಯಾರೋ ಹೇಳಿಕೊಟ್ಟಂತೆ ‘ಬ್ರಾಂಜೀನೊ’ ಬೇಕೆಂದೆ. ಅದು ದುಬಾರಿ ಮೀನು, ತೂಕದ ಮೇಲೆ ಬೆಲೆ. ಅದನ್ನು ನಡೆಸುತ್ತಿದ್ದ, ಎಪ್ಪತ್ತು ದಾಟಿದ ತಾಯಿ ತಲೆಯಾಡಿಸಿ ಒಳಗೆ ಹೋಗಿ, ತಟ್ಟೆಯಲ್ಲಿ ಎರಡು ಮೀನು ಇಟ್ಟುಕೊಂಡು ಬಂದರು. ಒಂದು ನಾನು ಕೇಳಿದ್ದು, ಇನ್ನೊಂದು ಬಂಗುಡೆಯ ಜಾತಿಯದು. ಎರಡರ ಕಿವಿರನ್ನೂ ಹೆಬ್ಬೆರಳಿನಿಂದ ಎತ್ತಿ ತೋರಿಸಿದರು. ಒಂದು ಮಂಕಾದ ಕಂದು, ಇನ್ನೊಂದು ಆಗಷ್ಟೇ ಕೊಯ್ದ ದಾಳಿಂಬೆಯ ಕೆಂಪು. “ಇವತ್ತು ಆ ಮೀನು ಬೇಡ” ಎಂದರು. ಅರ್ಧಕ್ಕಿಂತ ಕಡಿಮೆ ಬೆಲೆಯ ಬಂಗುಡೆಯನ್ನು ಸುಟ್ಟು ತಂದು, ನನ್ನೆದುರೇ ಚಮಚದ ಅಂಚಿನಿಂದ ಬೆನ್ನು ಸೀಳಿ ಮುಳ್ಳಿನ ಹಂದರವನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟರು. ಕೊನೆಗೆ ತಲೆಯಿಂದ ಕೆನ್ನೆಯ ಚೂರನ್ನು ಬಿಡಿಸಿ ನನ್ನ ತಟ್ಟೆಯ ತುದಿಯಲ್ಲಿಟ್ಟು, ನಾನು ಅದನ್ನು ತಿನ್ನುವ ತನಕ ಅಲ್ಲೇ ನಿಂತಿದ್ದರು.

ಕೇಳಿದ್ದನ್ನೇ ಕೊಟ್ಟಿದ್ದರೆ ಅವರಿಗೆ ಹೆಚ್ಚು ಹಣ ಬರುತ್ತಿತ್ತು. ಕೇಳಿದ್ದನ್ನೆಲ್ಲ ಕೊಡುವುದು ವ್ಯಾಪಾರ. ನಿಮಗೆ ಒಗ್ಗದ್ದನ್ನು ನಿಮ್ಮ ತಟ್ಟೆಗೆ ಬರದಂತೆ ತಡೆಯುವ ಹಕ್ಕನ್ನು ನಮ್ಮಲ್ಲಿ ಅಜ್ಜಿಯಂದಿರು ಮಾತ್ರ ಇಟ್ಟುಕೊಂಡಿರುತ್ತಾರೆ. ಚೀಸ್ ವಿಷಯವೂ ಅಷ್ಟೇ. ನಮ್ಮ ಕರಾವಳಿಯವರು ಮರುವಾಯಿ ಎನ್ನುವ ಆ ಚಿಪ್ಪಿನೊಳಗೆ ಇರುವುದು ಒಂದು ಗುಟುಕು ಕಡಲ ನೀರಿನ ರುಚಿ. ಹಳೆಯ ಚೀಸ್ ಬಿದ್ದರೆ ಅದು ಸತ್ತೇ ಹೋಗುತ್ತದೆ. ಆಕೆ ನಿಮ್ಮನ್ನು ಅವಮಾನಿಸಲಿಲ್ಲ, ನಿಮ್ಮ ಊಟವನ್ನು ಉಳಿಸಿದರು. ಮಧ್ಯಾಹ್ನ ಬಾಗಿಲು ಹಾಕಿದ್ದಕ್ಕೂ ಬೇಸರಿಸಬೇಡಿ. ಬೆಳಗಿನ ಜಾವ ಮಾರುಕಟ್ಟೆಗೆ ಹೋದವರೇ ರಾತ್ರಿ ಹನ್ನೊಂದಕ್ಕೆ ನಿಮ್ಮ ತಟ್ಟೆ ತೆಗೆಯಬೇಕು. ಅವರಿಗೆ ಪಾಳಿ ಬದಲಿಸುವ ನೌಕರರಿಲ್ಲ.

ಈ ಮನೆಗಳಲ್ಲಿ ವಿದ್ಯೆ ಹೇಗೆ ಕೈಯಿಂದ ಕೈಗೆ ದಾಟುತ್ತದೆ ನೋಡಿ. ಉತ್ತರ ಇಟಲಿಯ ಮಾಂತೊವಾ ಸೀಮೆಯ ಒಂದು ಹಳ್ಳಿಯಲ್ಲಿ ಸಾಂತೀನಿ ಮನೆತನದ ‘ದಾಲ್ ಪೆಸ್ಕತೋರೆ’ ಇದೆ. ಹೆಸರಿನ ಅರ್ಥ ಬೆಸ್ತನ ಮನೆ. ಶುರುವಿನಲ್ಲಿ ಅಲ್ಲಿ ಬಡಿಸುತ್ತಿದ್ದದ್ದು ಕಡಲಿನದಲ್ಲ, ಒಲ್ಯೊ ನದಿಯ ಮೀನು. 1920ರ ದಶಕದಲ್ಲಿ ಒಬ್ಬ ಬೆಸ್ತ, ಅವನ ಹೆಂಡತಿ ತೆರೇಸಾ ‘ವೈನ್ ಮತ್ತು ಮೀನು’ ಎಂದಷ್ಟೇ ಫಲಕ ಹಾಕಿ ಶುರುಮಾಡಿದರು. ಮೊಮ್ಮಗನನ್ನು ಮದುವೆಯಾಗಿ ಬಂದ ನಾದಿಯಾ ಗಂಡನ ಅಜ್ಜಿಯಿಂದಲೂ ಅತ್ತೆ ಬ್ರೂನಾ ಅವರಿಂದಲೂ ಒಲೆಯ ಮುಂದೆ ನಿಂತು ಕಲಿತರು. 1996ರಲ್ಲಿ, ಹೋಟೆಲುಗಳನ್ನು ಅಳೆಯುವ ಫ್ರಾನ್ಸಿನ ಮಿಶೆಲಿನ್ ಕೈಪಿಡಿಯ ಮೂರನೆಯ, ಅಂದರೆ ಅತ್ಯುನ್ನತ ನಕ್ಷತ್ರ ಬಂದಾಗಲೂ ಅದು ಅತ್ತೆ ಸೊಸೆಯರ ಅಡುಗೆಮನೆಯೇ ಆಗಿತ್ತು. ಆಡ್ರಿಯಾಟಿಕ್ ಕಡಲ ದಂಡೆಯ ಸೆನಿಗಾಲ್ಲಿಯಾದಲ್ಲಿ 1990ರಲ್ಲಿ ಊಟದ ಮನೆ ತೆರೆದ ಉಲಿಯಾಸ್ಸಿ ಒಡಹುಟ್ಟಿದವರಲ್ಲಿ ಅಣ್ಣ ಮೌರೊ ಒಲೆಗೆ, ತಂಗಿ ಕಾತಿಯಾ ಬಂದವರನ್ನು ಕೂರಿಸುವುದಕ್ಕೆ. ಅವರಿಗೂ ಮೂರು ನಕ್ಷತ್ರಗಳಿವೆ. ಸ್ವಾಗತಿಸುವುದೂ ಅಡುಗೆಯಷ್ಟೇ ದೊಡ್ಡ ಕೆಲಸವೆಂದು ಬಲ್ಲ ಮನೆಯಲ್ಲಿ ಮಾತ್ರ ಹೀಗೆ ಪಾಲು ಹಂಚಿಕೊಳ್ಳುತ್ತಾರೆ.

ನೀವು ಅತಿಥಿಯನ್ನು ದೇವರೆನ್ನುವ ನಾಡಿನ ಮಾತೆತ್ತಿದ್ದು ನನಗೆ ಸಂತೋಷವೇ. 1623ರಲ್ಲಿ ನಮ್ಮ ಕರಾವಳಿಯಲ್ಲಿ ಅಲೆದ ರೋಮಿನ ಪಿಯೆತ್ರೊ ದೆಲ್ಲ ವಾಲ್ಲೆ, ಉಳ್ಳಾಲದ ರಾಣಿಯನ್ನು ಕಂಡದ್ದನ್ನೂ ಅರಸುಮನೆಯಲ್ಲಿ ಬಾಳೆ ಎಲೆ ಹಾಕಿ ತನಗೆ ಅನ್ನ ಬಡಿಸಿದ್ದನ್ನೂ ತನ್ನ ಪತ್ರಗಳಲ್ಲಿ ಬರೆದಿದ್ದಾನೆ. ಆತ ನಮ್ಮ ಎಲೆಯ ಮುಂದೆ ಕುಳಿತ. ಅವರ ಮೇಜಿನ ಮುಂದೆ ನಾವೂ ಅಷ್ಟು ಬಗ್ಗಬಹುದಲ್ಲವೇ?

ನನ್ನ ನಿಜವಾದ ಸಂಕಟ ಬೇರೆ. ಇಟಲಿಯಲ್ಲಿ ಹೆಪ್ಪುಗಟ್ಟಿಸಿದ ಮೀನಾದರೆ ಮೆನುವಿನಲ್ಲಿ ಆ ಹೆಸರಿನ ಪಕ್ಕ ನಕ್ಷತ್ರದ (*) ಗುರುತು ಹಾಕುತ್ತಾರೆ. ಮುಚ್ಚಿಟ್ಟು ಬಡಿಸುವುದನ್ನು ಅಲ್ಲಿನ ನ್ಯಾಯಾಲಯಗಳು ವಂಚನೆ ಎಂದೇ ಎಣಿಸಿವೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ಕಳೆದ ಜುಲೈನಲ್ಲಿ ಕರಾವಳಿಯ ಒಂದು ದೊಡ್ಡ ಹೋಟೆಲಿನಲ್ಲಿ “ಅಂಜಲ್ ಎಲ್ಲಿಯದು?” ಎಂದು ಕೇಳಿದೆ. ಹುಡುಗ “ಫ್ರೆಶ್ ಸರ್” ಎಂದ. ಮತ್ತೆ ಕೇಳಿದೆ, ಮತ್ತೆ ಅದೇ ಉತ್ತರ. ಅವನ ತಪ್ಪಲ್ಲ, ಅವನಿಗೆ ಹೇಳಿದವರು ಯಾರೂ ಇಲ್ಲ. ಮೊದಲು ಗಲ್ಲಾದ ಮೇಲೆ ಯಜಮಾನರು ಕೂರುತ್ತಿದ್ದರು, ಒಳಗಿಂದ ಅವರ ಹೆಂಡತಿ ಇಣುಕಿ “ಇವತ್ತು ಬೂತಾಯಿ ತಿನ್ನಿ, ಅಂಜಲ್ ಐಸಿನದು” ಎನ್ನುತ್ತಿದ್ದರು. ಈಗ ಮೇಜಿನ ಮೇಲೆ ಮೊಬೈಲಿಗೆ ತೋರಿಸುವ ಕಪ್ಪು ಚೌಕವಿದೆ, ಎದ್ದು ಹೋಗುವಾಗ ಐದು ನಕ್ಷತ್ರ ಕೊಡಿ ಎಂಬ ಬೇಡಿಕೆಯಿದೆ. ಮೀನಿನ ಬಗ್ಗೆ ಬಾಯಿಬಿಟ್ಟು ಹೇಳುವ ಮನುಷ್ಯನಿಲ್ಲ. ಆ ಹಳೆಯ ಊಟದ ಮನೆಗಳು ಒಂದೊಂದಾಗಿ ಮುಚ್ಚಿದಾಗ ನಾವ್ಯಾರೂ ಪತ್ರ ಬರೆಯಲಿಲ್ಲ.

ಮಗನ ಜತೆ ಮತ್ತೊಮ್ಮೆ ಅಲ್ಲಿಗೆ ಹೋಗುವುದಾದರೆ ಸೋಮವಾರ ಬಿಡಿ. ಭಾನುವಾರ ದೋಣಿ ಇಳಿಯದ ಕಾರಣ ಅನೇಕ ಮೀನೂಟದ ಮನೆಗಳಿಗೆ ಅಂದು ರಜೆ. ಮಂಗಳವಾರ ರಾತ್ರಿ ಎಂಟಕ್ಕೆ ಹೋಗಿ, ಮೆನು ಮುಚ್ಚಿಟ್ಟು, ಇವತ್ತು ಏನು ಬಂದಿದೆ ಎಂದು ನಿಮ್ಮ ಆ ಮನೆಯೊಡತಿಯನ್ನೇ ಕೇಳಿ.